ಹಬ್ಬದ ದಿನವೇ ಆಡಬೇಕಾದ ಮಾತು

ಯುಗಾದಿಗೆ, ಗೌರಿ ಹಬ್ಬಕ್ಕೆ, ಊರ ದೇವರ ಜಾತ್ರೆಗೆ ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡದ ಹಳ್ಳಿಗಳು ತುಂಬಿಕೊಳ್ಳುತ್ತವೆ. ಪೀಣ್ಯದ ಕಾರ್ಖಾನೆಯಲ್ಲಿ ದುಡಿಯುವವರು, ಬೆಂಗಳೂರಿನಲ್ಲಿ ಕ್ಯಾಬ್ ಓಡಿಸುವವರು, ಮೇಷ್ಟ್ರಾದವರು, ಪೊಲೀಸಾದವರು, ಸಾಫ್ಟ್‌ವೇರ್ ಕಂಪನಿ ಸೇರಿದವರು, ಎಲ್ಲರೂ ಬರುತ್ತಾರೆ. ಬೇರೆಯಾಗಿದ್ದ ಅಣ್ಣತಮ್ಮಂದಿರ ಮನೆಗಳು ಒಂದೇ ಒಲೆಗೆ ಸೇರುತ್ತವೆ. ಹೋಳಿಗೆ ಆಗುತ್ತದೆ, ಮಾರನೇ ದಿನ ಮರಿ ಕುಯ್ಯುತ್ತಾರೆ. ಸಾಲ, ಮಳೆ, ಕಡಲೆಕಾಯಿ ರೇಟು, ಎಲೆಕ್ಷನ್, ಹೆಣ್ಣು ನೋಡುವ ವಿಚಾರ, ಎಲ್ಲವೂ ಮಾತಿಗೆ ಬರುತ್ತವೆ. ಒಂದು ಮಾತು ಮಾತ್ರ ಬರುವುದಿಲ್ಲ. ಯಾರಾದರೂ ಅದರ ತುದಿ ಎಳೆದರೆ ಹಿರಿಯರೊಬ್ಬರು ಅಲ್ಲೇ ತಡೆಯುತ್ತಾರೆ: "ಹಬ್ಬದ ದಿನ ಯಾಕಪ್ಪ ಆ ಮಾತು? ನಾಕು ದಿನ ಇದ್ದು ಹೋಗಕ್ಕೆ ಬಂದಿದ್ದೀಯ, ಉಂಡು ನೆಮ್ಮದಿಯಾಗಿರು."

ಆ ಮಾತು ಯಾವುದೆಂದರೆ, ಹಬ್ಬದ ಹೊತ್ತಿನಲ್ಲಿ ಮನೆಯ ಹೆಣ್ಣುಮಗಳೊಬ್ಬಳು ಯಾಕೆ ಮನೆಯೊಳಗಿಲ್ಲ ಎಂಬುದು. ಮುಟ್ಟಾದವಳು ಹಿತ್ತಲಲ್ಲಿ, ಜಗಲಿಯ ಮೂಲೆಯಲ್ಲಿ, ಗೊಲ್ಲರಹಟ್ಟಿಯಾದರೆ ಊರಾಚೆಯ ಗುಡಿಸಿಲಲ್ಲಿ. ಹಸಿ ಬಾಣಂತಿ ಕೂಸನ್ನು ಅವುಚಿಕೊಂಡು ತಡಿಕೆ ಗೋಡೆಯ ಹಿಂದೆ. "ಇದು ನಂಬಿಕೆಯ ವಿಚಾರ, ಮನೆಯೊಳಗಿನ ವಿಚಾರ, ಇದಕ್ಕೂ ದೇಶದ ಕಾನೂನಿಗೂ ಸಂಬಂಧವಿಲ್ಲ, ಕಾಲ ಬಂದಾಗ ತಾನೇ ಹೋಗುತ್ತದೆ, ಅಲ್ಲಿಯವರೆಗೆ ಹಬ್ಬ ಕೆಡಿಸಬೇಡಿ." ಇದು ನಮ್ಮ ಕಡೆ ಓದಿದವರೂ ಓದದವರೂ ಒಟ್ಟಾಗಿ ಒಪ್ಪಿಕೊಂಡ ಅಭಿಪ್ರಾಯ. ಈ ಅಭಿಪ್ರಾಯ ತಪ್ಪು, ಮತ್ತು ಇದರಿಂದ ಜೀವಗಳು ಹೋಗುತ್ತಿವೆ ಎಂದು ಹೇಳಲು ಈ ಲೇಖನ. ಆ ಮಾತು ಆಡಲು ಹಬ್ಬದಷ್ಟು ತಕ್ಕ ದಿನ ಬೇರೆ ಇಲ್ಲ ಎಂಬುದು ನನ್ನ ವಾದ.

ಜೀವ ಹೋಗುತ್ತಿದೆ ಎಂದದ್ದು ಸುಮ್ಮನೆ ಅಲ್ಲ. 2023ರ ಜುಲೈ ತಿಂಗಳಲ್ಲಿ, ಜಿಲ್ಲಾ ಕೇಂದ್ರವಿರುವ ತುಮಕೂರು ತಾಲ್ಲೂಕಿನ ಮಲ್ಲೇನಹಳ್ಳಿ ಗೊಲ್ಲರಹಟ್ಟಿಯಲ್ಲಿ ಸೂತಕದ ಹೆಸರಿನಲ್ಲಿ ಒಬ್ಬ ಬಾಣಂತಿಯನ್ನೂ ಅವಳ ಎಳೆಗೂಸನ್ನೂ ಹಟ್ಟಿಯ ಹೊರಗೆ ಗುಡಿಸಿಲಲ್ಲಿ ಇರಿಸಿದ್ದರು. ಮಳೆ, ಥಂಡಿ. ಕೂಸು ಉಳಿಯಲಿಲ್ಲ. ಹುಟ್ಟಿದ್ದು ಆಸ್ಪತ್ರೆಯಲ್ಲಿ. ಡಾಕ್ಟರು, ನರ್ಸು, ಆಶಾ ಕಾರ್ಯಕರ್ತೆ, ತಾಯಿ ಕಾರ್ಡು, ಲಸಿಕೆ, ಇಷ್ಟೆಲ್ಲವನ್ನೂ ದಾಟಿ ಆ ಕೂಸು ಒಂದು ತಡಿಕೆ ಗುಡಿಸಿಲಿಗೆ ಬಂತು. ಪತ್ರಿಕೆಗಳು ಬರೆದವು, ಅಧಿಕಾರಿಗಳು ಓಡಿದರು, ಅರಿವು ಮೂಡಿಸುವ ಸಭೆಗಳಾದವು. ಆ ವರ್ಷದ ಗೌರಿ ಹಬ್ಬದಲ್ಲಿ ನಮ್ಮ ನಾಲ್ಕು ತಾಲ್ಲೂಕಿನ ಎಷ್ಟು ಮನೆಗಳ ಹಜಾರದಲ್ಲಿ ಆ ಕೂಸಿನ ಮಾತು ಬಂತು? ನಾನು ಕೂತಿದ್ದ ಯಾವ ಹಜಾರದಲ್ಲೂ ಬರಲಿಲ್ಲ.

ಇಲ್ಲಿ ಒಂದು ಮಾತನ್ನು ಗಟ್ಟಿಯಾಗಿ ಹೇಳಬೇಕು. ಇದು ಈ ಹಟ್ಟಿಗಳಲ್ಲಿ ಬದುಕುವ ಕಾಡುಗೊಲ್ಲರನ್ನು ಹೀಗಳೆಯುವ ಬರಹವಲ್ಲ. ಶಿರಾ ತಾಲ್ಲೂಕಿನ ಕಳುವರಹಳ್ಳಿಯ ಜುಂಜಪ್ಪನ ಗುಡ್ಡೆಗೆ ಹೋದವರಿಗೆ, ಗಣೆ ಎಂಬ ಕೊಳಲು ಊದಿ ತಮ್ಮ ದೈವ ಜುಂಜಪ್ಪನನ್ನು ಅವರು ಹಾಡುವುದನ್ನು ಕೇಳಿದವರಿಗೆ ಗೊತ್ತು, ಆ ಸಮುದಾಯ ಕನ್ನಡಕ್ಕೆ ಎಂಥ ಕಾವ್ಯ ಕೊಟ್ಟಿದೆ ಎಂದು. ಬರಗಾಲದ ನೆಲದಲ್ಲಿ ಆಡು ಕುರಿ ದನ ಕಾಯ್ದುಕೊಂಡು ಬಂದ ಜನ ಅವರು. ಹಟ್ಟಿಯಾಚೆಯ ಗುಡಿಸಿಲು ಕಣ್ಣಿಗೆ ಕಾಣುತ್ತದೆ, ಹಾಗಾಗಿ ಟಿವಿಯವರು ಕ್ಯಾಮೆರಾ ಹೊತ್ತು ಅಲ್ಲಿಗೇ ಹೋಗುತ್ತಾರೆ. ಮಿಕ್ಕ ಜಾತಿಗಳ ಮನೆಯೊಳಗಿನ ಗುಡಿಸಿಲು ಕಾಣುವುದಿಲ್ಲ. "ದೂರ ಆಗಿದ್ದಾಳೆ", "ಹೊರಗೆ ಕೂತಿದ್ದಾಳೆ" ಎಂಬ ಮಾತು ಯಾವ ಜಾತಿಯ ಮನೆಯಲ್ಲಿಲ್ಲ? ಮಧುಗಿರಿಯ ಯಾವುದೇ ಮೆಡಿಕಲ್ ಸ್ಟೋರಿನವರನ್ನು ಕೇಳಿ: ಹಬ್ಬ, ಮದುವೆ, ದಂಡಿನ ಮಾರಮ್ಮನ ಜಾತ್ರೆ ಹತ್ತಿರ ಬಂದಾಗ ಮುಟ್ಟು ಮುಂದೂಡುವ ಮಾತ್ರೆಯನ್ನು ಕೇಳಿ ಬರುವವರು ಯಾರು ಯಾರು ಎಂದು. ಡಾಕ್ಟರ ಚೀಟಿಯಿಲ್ಲದೆ ಹಾರ್ಮೋನು ನುಂಗಿ ದೇವರ ಮುಂದೆ ನಿಲ್ಲುವ ಆ ಹೆಣ್ಣುಮಕ್ಕಳಲ್ಲಿ ಎಲ್ಲ ಜಾತಿಯವರೂ ಇದ್ದಾರೆ, ಡಿಗ್ರಿ ಮಾಡಿದವರೂ ಇದ್ದಾರೆ. ಆದ್ದರಿಂದ ಇದನ್ನು "ಗೊಲ್ಲರ ಸಮಸ್ಯೆ" ಎಂದು ಕರೆದು ಕೈ ತೊಳೆದುಕೊಳ್ಳುವುದು ಸುಳ್ಳು. ಬೇರು ಒಂದೇ. ಹಟ್ಟಿಯಲ್ಲಿ ಅದು ಕೂಸಿನ ಜೀವ ತೆಗೆಯುವಷ್ಟು ಬೆಳೆದಿದೆ, ಅಷ್ಟೇ.

ಈಗ, "ನಂಬಿಕೆಗೆ ಕೈ ಹಾಕಬೇಡಿ" ಎನ್ನುವವರ ವಾದಕ್ಕೆ ಬರುತ್ತೇನೆ. ನಂಬಿಕೆ ದೊಡ್ಡದು ಎಂಬುದನ್ನು ನಾನು ಒಪ್ಪುತ್ತೇನೆ. ಮಳೆ ಕೈಕೊಟ್ಟ ವರ್ಷದಲ್ಲಿ, ಬೋರ್‌ವೆಲ್ ಬತ್ತಿದ ವರ್ಷದಲ್ಲಿ, ಪಾವಗಡದಂಥ ತಾಲ್ಲೂಕಿನಲ್ಲಿ ಜನ ಉಳಿದದ್ದು ಬರಿಯ ಸರ್ಕಾರದ ಗಂಜಿಯಿಂದಲ್ಲ. ದೇವರಿದ್ದಾನೆ ಎಂಬ ಧೈರ್ಯದಿಂದಲೂ ಉಳಿದಿದ್ದಾರೆ. ಶನಿವಾರ ಪಾವಗಡದ ಶನಿಮಹಾತ್ಮನ ಗುಡಿಯ ಮುಂದೆ, ಶುಕ್ರವಾರ ಗೊರವನಹಳ್ಳಿಯ ಲಕ್ಷ್ಮಿಯ ಮುಂದೆ ನಿಂತವರ ಮುಖ ನೋಡಿದರೆ ಸಾಕು, ನಂಬಿಕೆಯನ್ನು ಹಗುರವಾಗಿ ಮಾತಾಡಲು ಬಾಯಿ ಬರುವುದಿಲ್ಲ. ಆದರೆ ಗೊರವನಹಳ್ಳಿಯನ್ನೇ ನೋಡಿ. ಮರೆತುಹೋಗಿದ್ದ ಆ ಲಕ್ಷ್ಮಿಗೆ ಮತ್ತೆ ದೀಪ ಹಚ್ಚಿ ಇಡೀ ನಾಡೇ ಬರುವಂತೆ ಮಾಡಿದವರು ಕಮಲಮ್ಮ, ಒಬ್ಬ ಹೆಣ್ಣುಮಗಳು. ಹೆಣ್ಣಿನ ಕೈಯಿಂದ ದೇವರಿಗೆ ಮೈಲಿಗೆ ಆಗುವುದಾದರೆ ಕೊರಟಗೆರೆ ತಾಲ್ಲೂಕಿನ ಹೆಸರನ್ನು ದೂರದೂರಿನವರೆಗೆ ಒಯ್ದ ಆ ದೇವಸ್ಥಾನ ಇವತ್ತು ಇರುತ್ತಲೇ ಇರಲಿಲ್ಲ.

ಸೂತಕವನ್ನು ಪ್ರಶ್ನಿಸುವುದು ಪಟ್ಟಣದಿಂದ ಬಂದ ಹೊಸ ಗಾಳಿ ಎಂದು ಹೇಳುವವರು ನಮ್ಮ ನಾಡಿನ ಚರಿತ್ರೆಯನ್ನೇ ಬಿಟ್ಟುಕೊಡುತ್ತಿದ್ದಾರೆ. ಹನ್ನೆರಡನೇ ಶತಮಾನದಲ್ಲಿ ಶರಣರು ಜನನ, ಮರಣ, ರಜಸ್ಸು, ಎಂಜಲು, ಜಾತಿ ಎಂಬ ಐದು ಸೂತಕಗಳನ್ನೂ ತಳ್ಳಿಹಾಕಿದರು. ಇಂಗ್ಲಿಷ್ ಶಾಲೆ ಇಲ್ಲದ, ಪತ್ರಿಕೆ ಇಲ್ಲದ ಕಾಲದಲ್ಲಿ, ಕನ್ನಡದಲ್ಲೇ ಆದ ಕೆಲಸ ಇದು. ಆ ಶರಣರ ದಾರಿಯಲ್ಲೇ ನಡೆದ ನಮ್ಮ ಜಿಲ್ಲೆಯ ಸಿದ್ಧಗಂಗಾ ಮಠದಲ್ಲಿ ಅನ್ನ ಉಂಡು ಅಕ್ಷರ ಕಲಿತ ಮಕ್ಕಳು ಈ ನಾಲ್ಕೂ ತಾಲ್ಲೂಕಿನಲ್ಲಿ ಎಲ್ಲ ಜಾತಿಗಳಲ್ಲೂ ಇದ್ದಾರೆ. ಶಿವಕುಮಾರ ಸ್ವಾಮಿಗಳ ಫೋಟೊ ಅವರ ಮನೆಗಳ ಗೋಡೆಯ ಮೇಲಿದೆ. ಸೂತಕ ಬಿಡುವುದಕ್ಕೆ ದೇವರನ್ನು ಬಿಡಬೇಕಿಲ್ಲ ಎಂಬುದಕ್ಕೆ ಎಂಟುನೂರು ವರ್ಷಗಳ ಸಾಕ್ಷಿ ನಮ್ಮ ಬಗಲಲ್ಲೇ ಇರುವಾಗ, ನಂಬಿಕೆ ಮತ್ತು ಸೂತಕ ಎರಡೂ ಒಂದೇ ಎಂಬಂತೆ ವಾದಿಸುವುದನ್ನು ನಾನು ಹೇಗೆ ಒಪ್ಪಲಿ?

ಇನ್ನು ದೇಶದ ವಿಚಾರ. "ಮನೆಯೊಳಗೆ ಸಂವಿಧಾನ ತರಬೇಡಿ" ಎಂದು ಹೇಳುವವರಿಗೆ ಸಂವಿಧಾನ ಬರೆಯುವಾಗ ಏನಾಯಿತೆಂಬುದು ತಿಳಿದಿರಲಿಕ್ಕಿಲ್ಲ. 1948ರ ನವೆಂಬರ್ 29ರಂದು ಸಂವಿಧಾನ ಸಭೆಯಲ್ಲಿ ಅಸ್ಪೃಶ್ಯತೆಯನ್ನು ನಿಷೇಧಿಸುವ ವಿಧಿ ಚರ್ಚೆಗೆ ಬಂತು. ಇವತ್ತು ನಾವು 17ನೇ ವಿಧಿ ಎನ್ನುತ್ತೇವಲ್ಲ, ಅದು. ಅಸ್ಪೃಶ್ಯತೆ ಎಂದರೆ ಏನೆಂದು ವಿವರಿಸಿಲ್ಲವಲ್ಲ ಎಂದು ಕೆ.ಟಿ. ಷಾ ಅವರು ಅಂದು ತಕರಾರು ಎತ್ತಿದರು. ಕೆಲವು ದಿನಗಳಲ್ಲಿ ಹೆಂಗಸರನ್ನೂ ಮುಟ್ಟಬಾರದವರೆಂದು ಎಣಿಸುತ್ತಾರೆ, ಸಾವಿನ ಮನೆಯವರನ್ನೂ ಹಾಗೆ ಎಣಿಸುತ್ತಾರೆ, ಅದೂ ಇದರೊಳಗೆ ಬರುತ್ತದೆಯೇ ಎಂಬುದು ಅವರ ಪ್ರಶ್ನೆಯ ತಿರುಳು. ಅದೇ ದಿನ ನಜೀರುದ್ದೀನ್ ಅಹ್ಮದ್ ಅವರು, ಧರ್ಮ ಅಥವಾ ಜಾತಿಯ ಕಾರಣದ ಅಸ್ಪೃಶ್ಯತೆ ಎಂದಷ್ಟೇ ಬರೆಯೋಣ ಎಂದು ತಿದ್ದುಪಡಿ ತಂದಿದ್ದರು. ಅಂಬೇಡ್ಕರ್ ಆ ತಿದ್ದುಪಡಿಯನ್ನು ಒಪ್ಪಲಿಲ್ಲ. ವಿಧಿ ಅಗಲವಾಗಿಯೇ ಉಳಿಯಿತು, ಗಾಂಧೀಜಿಗೆ ಜೈಕಾರದ ನಡುವೆ ಅಂಗೀಕಾರವಾಯಿತು. ಎಪ್ಪತ್ತು ವರ್ಷಗಳ ನಂತರ, 2018ರ ಸೆಪ್ಟೆಂಬರ್ 28ರ ಶಬರಿಮಲೆ ತೀರ್ಪಿನಲ್ಲಿ ನ್ಯಾಯಮೂರ್ತಿ ಚಂದ್ರಚೂಡ್ ಅವರು ತಮ್ಮ ಪ್ರತ್ಯೇಕ ಅಭಿಪ್ರಾಯದಲ್ಲಿ ಇದೇ ಚರ್ಚೆಗೆ ಹಿಂತಿರುಗಿ, ಮುಟ್ಟಿನ ಕಾರಣಕ್ಕೆ ಹೆಣ್ಣನ್ನು ದೂರ ಇಡುವುದೂ ಅಸ್ಪೃಶ್ಯತೆಯ ಒಂದು ರೂಪವೇ ಎಂದು ಬರೆದರು. ಶಬರಿಮಲೆಯ ಪ್ರಶ್ನೆ ಆಮೇಲೆ ದೊಡ್ಡ ಪೀಠದ ಮುಂದೆ ಹೋಯಿತು, ಅದು ಬೇರೆ ಮಾತು. ನಾನು ಹೇಳುವುದಿಷ್ಟು: ಹಿತ್ತಲಲ್ಲಿ ಕೂತ ನಮ್ಮ ಹೆಣ್ಣುಮಗಳ ವಿಚಾರ ಸಂವಿಧಾನ ಹುಟ್ಟುವ ಹೊತ್ತಿಗೇ ಆ ಸಭೆಯಲ್ಲಿ ಎದ್ದಿತ್ತು. ಅದನ್ನು ಮನೆಯ ವಿಚಾರ ಮಾತ್ರ ಎನ್ನಲು ಬರುವುದಿಲ್ಲ.

25ನೇ ವಿಧಿ ಕೊಡುವ ಧರ್ಮದ ಸ್ವಾತಂತ್ರ್ಯಕ್ಕೂ ಸಾರ್ವಜನಿಕ ಸುವ್ಯವಸ್ಥೆ, ನೈತಿಕತೆ, ಆರೋಗ್ಯ ಎಂಬ ಕಟ್ಟುಗಳಿವೆ. 1976ರಲ್ಲಿ ಸೇರಿಸಿದ ಮೂಲಭೂತ ಕರ್ತವ್ಯಗಳಲ್ಲಿ, ಹೆಣ್ಣಿನ ಘನತೆಗೆ ಕುಂದು ತರುವ ಆಚರಣೆಗಳನ್ನು ಬಿಡುವುದು ಪ್ರತಿಯೊಬ್ಬ ಪ್ರಜೆಯ ಕರ್ತವ್ಯ ಎಂದಿದೆ. ಪ್ರಜೆಯ ಕರ್ತವ್ಯ ಎಂಬುದನ್ನು ಗಮನಿಸಿ. ತಹಶೀಲ್ದಾರರದ್ದಷ್ಟೇ ಅಲ್ಲ, ಪೊಲೀಸರದ್ದಷ್ಟೇ ಅಲ್ಲ. ಮಗನದು, ಗಂಡನದು, ಅತ್ತೆಯದು, ಮೈದುನನದು. ಇವರೆಲ್ಲ ಒಟ್ಟಿಗೆ ಸಿಗುವುದು ಎಲ್ಲಿ? ಹಬ್ಬದ ಮನೆಯಲ್ಲಿ.

ಕರ್ನಾಟಕದಲ್ಲಿ 2023ರಿಂದ ಶಾಲಾ ಕಾಲೇಜುಗಳಲ್ಲಿ ಸಂವಿಧಾನದ ಪೀಠಿಕೆ ಓದಿಸುತ್ತಿದ್ದಾರೆ. ಆ ವರ್ಷದ ಸೆಪ್ಟೆಂಬರ್ 15ರಂದು ನಾಡಿನಾದ್ಯಂತ ಜನ ನಿಂತು ಓದಿದರು. ಒಳ್ಳೆಯ ಕೆಲಸ, ಅದನ್ನು ನಾನು ಮನಸಾರೆ ಮೆಚ್ಚುತ್ತೇನೆ. ಆದರೆ ಬೆಳಿಗ್ಗೆ ಶಾಲೆಯಲ್ಲಿ ವ್ಯಕ್ತಿ ಘನತೆ ಎಂದು ಓದಿ ಬಂದ ಏಳನೇ ಕ್ಲಾಸಿನ ಹುಡುಗಿ ಮುಟ್ಟಾಗಿದ್ದರೆ ಸಂಜೆ ಮನೆಯ ಹೊರಗೆ ಪ್ರತ್ಯೇಕ ತಟ್ಟೆಯಲ್ಲಿ ಮುದ್ದೆ ಉಣ್ಣುತ್ತಾಳೆ. ಎರಡು ಪಾಠಗಳಲ್ಲಿ ಅವಳು ಯಾವುದನ್ನು ನಿಜವೆಂದು ನಂಬಬೇಕು? ಮನೆ ಕಲಿಸಿದ್ದನ್ನೇ ನಂಬುತ್ತಾಳೆ, ಏಕೆಂದರೆ ಮನೆಯಲ್ಲಿ ಅವಳನ್ನು ಪ್ರೀತಿಸುವವರಿದ್ದಾರೆ. ದೇಶದ ಮೌಲ್ಯಗಳನ್ನು ಶಾಲೆಗೆ, ಧ್ವಜದ ಕಂಬಕ್ಕೆ, ಆಗಸ್ಟ್ 15ರ ವಾಟ್ಸ್ಆ್ಯಪ್ ಸ್ಟೇಟಸ್ಸಿಗೆ ಒಪ್ಪಿಸಿ, ಮನೆಯನ್ನು ಅದರಿಂದ ಕಾಪಾಡಿಕೊಳ್ಳುವ ನಮ್ಮ ಈ ಏರ್ಪಾಡು ಆ ಹುಡುಗಿಗೆ ಮಾಡುತ್ತಿರುವ ಮೋಸ.

"ಹೆಂಗಸರೇ ಒಪ್ಪಿದ್ದಾರೆ, ಮೂರು ದಿನ ರೆಸ್ಟಾದರೂ ಸಿಗುತ್ತೆ" ಎಂಬ ವಾದಕ್ಕೆ ಹೆಚ್ಚು ಹೊತ್ತು ಬೇಡ. ರೆಸ್ಟು ಬೇಕಾದರೆ ಮನೆಯೊಳಗಿನ ಮಂಚದ ಮೇಲೆ ಕೊಡಿ, ಅಡುಗೆಯನ್ನು ಗಂಡಸರು ಮಾಡಿ. ಹೊರಗೆ ಕೂತ ದಿನಗಳಲ್ಲೂ ಕೂಲಿಗೆ ಹೋಗುವ ಹೆಣ್ಣುಮಕ್ಕಳು ಇದ್ದಾರೆ. ಹೊಲ ಅವರನ್ನು ಮೈಲಿಗೆ ಎನ್ನುವುದಿಲ್ಲ, ಹೊಸ್ತಿಲು ಎನ್ನುತ್ತದೆ. ಬಾಣಂತಿಯ ವಿಚಾರ ಇನ್ನೂ ಗಂಭೀರ. ಹುಟ್ಟಿದ ಕೂಸಿಗೆ, ಅದರಲ್ಲೂ ತೂಕ ಕಮ್ಮಿಯಿರುವ ಕೂಸಿಗೆ, ಮೈ ಬೆಚ್ಚಗಿರುವುದೇ ಮೊದಲ ಔಷಧ. ತನ್ನ ಮೈಶಾಖವನ್ನು ತಾನೇ ಕಾಯ್ದುಕೊಳ್ಳುವ ಶಕ್ತಿ ಅದಕ್ಕಿನ್ನೂ ಬಂದಿರುವುದಿಲ್ಲ. ಹೆರಿಗೆಯಾದ ಆರು ವಾರ ತಾಯಿಗೂ ಅಪಾಯದ ಕಾಲ: ರಕ್ತಸ್ರಾವ, ನಂಜು, ಜ್ವರ. ಇದನ್ನು ನಮ್ಮ ಅಜ್ಜಿಯರು ಬಲ್ಲರು. ಅದಕ್ಕೇ ಬಾಣಂತಿ ಕೋಣೆಗೆ ಗಾಳಿ ಬೀಳದಂತೆ ಮುಚ್ಚಿ, ಬಿಸಿನೀರು ಎರೆದು ನೋಡಿಕೊಂಡರು. ಬಾಣಂತನದ ಅಷ್ಟು ವಿವೇಕ ಇರುವ ನಾಡಿನಲ್ಲೇ, ಕೆಲವು ಹಟ್ಟಿಗಳಲ್ಲಿ ತಿಂಗಳುಗಟ್ಟಲೆ ಬಾಣಂತಿಯನ್ನು ಗಾಳಿಮಳೆಗೆ ಬಿಡುವುದೂ ನಡೆಯುತ್ತದೆ. ಎರಡೂ ಸಂಪ್ರದಾಯವೇ. ಹಾಗಿರುವಾಗ ಸಂಪ್ರದಾಯ ಎಂದಾಕ್ಷಣ ವಾದ ಮುಗಿಯುವುದಿಲ್ಲ; ಯಾವ ಸಂಪ್ರದಾಯ ಎಂದು ಆರಿಸಿಕೊಳ್ಳುವ ಹೊಣೆ ನಮ್ಮ ಮೇಲಿದೆ.

ಎಲ್ಲಕ್ಕಿಂತ ಹೆಚ್ಚು ಕೇಳಿಬರುವ, ಎಲ್ಲಕ್ಕಿಂತ ಹೆಚ್ಚು ಹಾನಿ ಮಾಡುವ ವಾದ ಮಾತ್ರ ಇದು: "ಓದು ಬರಲಿ, ತಾನೇ ಹೋಗುತ್ತೆ."

ಓದು ಬಂದಿದೆಯಲ್ಲ! ರಸ್ತೆ ಬಂತು, ಕರೆಂಟು ಬಂತು, ಮೊಬೈಲು ಬಂತು. ಪಾವಗಡ ತಾಲ್ಲೂಕಿನ ತಿರುಮಣಿ ಸುತ್ತಮುತ್ತ ಸುಮಾರು 13,000 ಎಕರೆಯಲ್ಲಿ 2,050 ಮೆಗಾವ್ಯಾಟಿನ ಸೋಲಾರ್ ಪಾರ್ಕು ಎದ್ದು ನಿಂತಿದೆ. ಅಷ್ಟು ನೆಲವನ್ನು ಗುತ್ತಿಗೆಗೆ ಕೊಟ್ಟ ರೈತರು ತಲೆಮಾರುಗಳ ಬೇಸಾಯದ ರೂಢಿಯನ್ನೇ ಬದಲಿಸಿಕೊಂಡರು. ಬದಲಾವಣೆಗೆ ಹೆದರುವ ಜನ ನಾವಲ್ಲ. ಕಪಿಲೆ ಬಿಟ್ಟು ಪಂಪ್‌ಸೆಟ್ಟು ಹಾಕಿದೆವು, ನವಣೆ ಬಿಟ್ಟು ಕಡಲೆಕಾಯಿ ಬಿತ್ತಿದೆವು, ಕಡಲೆಕಾಯಿ ಬಿಟ್ಟು ದಾಳಿಂಬೆ ಹಾಕಿದೆವು. ಇಷ್ಟೆಲ್ಲ ಬದಲಾದರೂ ಇದೊಂದು ತಾನೇ ಹೋಗಲಿಲ್ಲ. ಹೋಗದಿರಲು ಕಾರಣವೂ ಇದೆ. ಬಾವಿಯ ಕಪಿಲೆ ಬಿಟ್ಟರೆ ದೇವರು ಮುನಿಯುತ್ತಾನೆಂಬ ಹೆದರಿಕೆ ಯಾರಿಗೂ ಇರಲಿಲ್ಲ. ಇಲ್ಲಿ ಹೆದರಿಕೆ ಇದೆ. ಮುಟ್ಟಾದವಳು ಹಟ್ಟಿಯೊಳಗೆ ಬಂದರೆ ಹಾವು ಬರುತ್ತದೆ, ದನ ಸಾಯುತ್ತವೆ, ಮಗನಿಗೆ ಕೇಡಾಗುತ್ತದೆ ಎಂದು ಒಬ್ಬ ಅತ್ತೆ ನಂಬಿದ್ದಾಳೆ. ಸೊಸೆಯ ಮೇಲೆ ಅವಳಿಗೆ ದ್ವೇಷವಿಲ್ಲ. ಅವಳೂ ಅದೇ ಗುಡಿಸಿಲಲ್ಲಿ ತನ್ನ ಮಕ್ಕಳನ್ನು ಎದೆಗವುಚಿಕೊಂಡು ರಾತ್ರಿ ಕಳೆದವಳು. ಅವಳ ಭಯ ದೇವರ ಮುಂದೆ ಹುಟ್ಟಿದ ಭಯ. ಕರಪತ್ರ ಓದಿ ಅದು ಹೋಗುವುದಿಲ್ಲ, ಅಧಿಕಾರಿಯ ಜೀಪು ನೋಡಿಯೂ ಹೋಗುವುದಿಲ್ಲ. ಜೀಪು ಬಂದ ದಿನ ಸೊಸೆ ಒಳಗೆ, ಹೋದ ಮಾರನೆಯ ದಿನ ಹೊರಗೆ. ದೇವರ ಮುಂದೆ ಹುಟ್ಟಿದ ಭಯವನ್ನು ದೇವರ ಮುಂದೆಯೇ, ಆಕೆ ಗೌರವಿಸುವ ಹಿರಿಯರ ಬಾಯಿಂದಲೇ, ಮನೆಯವರೆಲ್ಲ ಇರುವಾಗಲೇ ಬಿಡಿಸಬೇಕು.

ಕಾನೂನು ಬೇಡವೆಂದು ನಾನು ಹೇಳುತ್ತಿಲ್ಲ. 2017ರ ಅಮಾನವೀಯ ದುಷ್ಟ ಪದ್ಧತಿಗಳು ಮತ್ತು ವಾಮಾಚಾರ ತಡೆ ಕಾಯ್ದೆ 2020ರ ಜನವರಿಯಿಂದ ಜಾರಿಯಲ್ಲಿದೆ. ಮುಟ್ಟಾದ, ಗರ್ಭಿಣಿ ಹೆಣ್ಣುಮಕ್ಕಳನ್ನು ಬಲವಂತವಾಗಿ ಊರ ಹೊರಗಿಡುವುದು, ಮರಳಿ ಊರೊಳಗೆ ಬಿಡದಿರುವುದು ಅದರ ಪಟ್ಟಿಯಲ್ಲಿವೆ. ಒಂದರಿಂದ ಏಳು ವರ್ಷದವರೆಗೆ ಜೈಲು ಶಿಕ್ಷೆ ಇದೆ. ಕೂಸು ಸಾಯುವ ಮಟ್ಟಕ್ಕೆ ಹೋದಲ್ಲಿ ಆ ಕಾಯ್ದೆ ಹಿಡಿಯಲೇಬೇಕು. ಆದರೆ ಹಿಂದೆ ಇದೇ ಸರ್ಕಾರಿ ವ್ಯವಸ್ಥೆ ಏನು ಮಾಡಿತ್ತು ಎಂಬುದನ್ನೂ ನೆನೆಯಿರಿ. ಹಟ್ಟಿಯ ಹೊರಗಿರುವ ಹೆಣ್ಣುಮಕ್ಕಳಿಗೆ ತೊಂದರೆಯಾಗದಿರಲಿ ಎಂದು ಗೊಲ್ಲರಹಟ್ಟಿಗಳಲ್ಲಿ ಸರ್ಕಾರದ ದುಡ್ಡಿನಲ್ಲಿ 'ಕೃಷ್ಣ ಕುಟೀರ'ಗಳನ್ನು ಕಟ್ಟಿಸಿದರು. ತಡಿಕೆಯ ಜಾಗದಲ್ಲಿ ಸಿಮೆಂಟು ಗೋಡೆ ಬಂತು. ಮನಸ್ಸು ಒಳ್ಳೆಯದೇ ಇರಬಹುದು. ಆದರೆ ಯಾವುದನ್ನು ಅಳಿಸಬೇಕಿತ್ತೋ ಅದಕ್ಕೆ ಪಾಯ ಹಾಕಿಕೊಟ್ಟಂತಾಯಿತು. ಮನೆಯ ಬಾಗಿಲು ತೆರೆಸುವ ಮಾತು ಆಡಲು ಧೈರ್ಯವಿಲ್ಲದವರು ಮನೆಯ ಹೊರಗೆ ಇನ್ನೊಂದು ಕಟ್ಟಡ ಕಟ್ಟುತ್ತಾರೆ.

ರಾಜಕೀಯದವರ ಕತೆಯೂ ಹೀಗೆಯೇ. 2020ರಲ್ಲಿ ಶಿರಾ ಉಪಚುನಾವಣೆಗೆ ಮುಂಚೆ ಕಾಡುಗೊಲ್ಲ ಅಭಿವೃದ್ಧಿ ನಿಗಮ ಘೋಷಣೆಯಾಯಿತು. ಪರಿಶಿಷ್ಟ ಪಂಗಡಕ್ಕೆ ಸೇರಿಸಬೇಕೆಂಬ ಕಾಡುಗೊಲ್ಲರ ಬೇಡಿಕೆ ಹಳೆಯದು, ನ್ಯಾಯವಾದದ್ದು, ಅದಕ್ಕೆ ನನ್ನ ಪೂರ್ಣ ಬೆಂಬಲವಿದೆ. ಆದರೆ ಆ ಬೇಡಿಕೆಯ ಪರ ವೇದಿಕೆಗಳ ಮೇಲೆ ನಾನು ಕೇಳಿದ ಭಾಷಣಗಳಲ್ಲಿ ಹಟ್ಟಿಯ ಹೊರಗಿನ ಗುಡಿಸಿಲಿನ ಬಗ್ಗೆ ಒಂದು ಮಾತೂ ಬರಲಿಲ್ಲ. ಸಂವಿಧಾನದಿಂದ ಮೀಸಲಾತಿ ಕೇಳುವ ಹಕ್ಕು ನಮಗಿದೆ ಎನ್ನುವ ನಾಯಕ, ಅದೇ ಸಂವಿಧಾನ ತನ್ನ ಹಟ್ಟಿಯ ಹೆಣ್ಣುಮಗಳಿಗೂ ಸೇರಿದ್ದು ಎಂದು ಹೇಳದೆ ಇಳಿದುಹೋಗುತ್ತಾನೆ. ಓಟು ಕಳೆಯುವ ಭಯವೋ, ಮನೆಯವರ ಭಯವೋ.

ಹಾಗಾದರೆ ಇದು ಹೋಗುವುದು ಹೇಗೆ? ನಮ್ಮ ಕಡೆಯೇ ಉತ್ತರವಿದೆ. ಶಿರಾ ತಾಲ್ಲೂಕಿನ ಕಗ್ಗಲಡುವಿಗೆ ಹೋಗಿ ನೋಡಿ. ಊರ ನಡುವಿನ ಹುಣಸೆಮರಗಳಲ್ಲಿ ಬಣ್ಣದ ಕೊಕ್ಕರೆಗಳು, ಬಕಗಳು ಬಂದು ಗೂಡು ಕಟ್ಟಿ ಮರಿ ಮಾಡುತ್ತವೆ. ಮನೆಗಳ ಚಾವಣಿ ಮೇಲೆ ಹಿಕ್ಕೆ ಬೀಳುತ್ತದೆ, ಮೀನಿನ ವಾಸನೆ ಬರುತ್ತದೆ, ಹಗಲಿಡೀ ಗಲಾಟೆ. ಆದರೂ ಆ ಊರಿನವರು ಹಕ್ಕಿಗೆ ತೊಂದರೆಯಾಗದಂತೆ ನೋಡಿಕೊಂಡು ಬಂದಿದ್ದಾರೆ. ಊರಿಗೆ ಊರೇ ಒಟ್ಟಾಗಿ ತೆಗೆದುಕೊಂಡ ತೀರ್ಮಾನ ಅದು. ಯಾವುದೋ ದೇಶದಿಂದ ಬಂದ ಹಕ್ಕಿಯೆಂದೇ ಜನ ತಿಳಿದಿರುವ ಒಂದು ಜೀವಕ್ಕೆ ಬಾಣಂತನ ಮಾಡಲು ಊರ ನಡುವಿನ ಮರ ಬಿಟ್ಟುಕೊಟ್ಟ ನಾಡು ಇದು. ಅದೇ ತಾಲ್ಲೂಕಿನಲ್ಲಿ ನಮ್ಮ ಹೊಟ್ಟೆಯಲ್ಲಿ ಹುಟ್ಟಿದ ಮಗಳಿಗೆ, ನಾವೇ ದಾರೆ ಎರೆಸಿಕೊಂಡು ತಂದ ಸೊಸೆಗೆ ಮನೆಯ ಒಂದು ಕೋಣೆ ಬಿಟ್ಟುಕೊಡಲಾಗದು ಎಂದರೆ ನಾನು ನಂಬುವುದಿಲ್ಲ. ಕೊಡಬಲ್ಲೆವು. ಒಟ್ಟಾಗಿ ಕೂತು ತೀರ್ಮಾನ ಮಾಡಿಲ್ಲ, ಅಷ್ಟೇ.

ಒಟ್ಟಾಗಿ ತೀರ್ಮಾನ ಮಾಡುವ ದಿನವನ್ನು ನಮ್ಮ ಹಿರಿಯರೇ ಗೊತ್ತುಮಾಡಿ ಇಟ್ಟಿದ್ದಾರೆ. ಯುಗಾದಿಯ ಮಾರನೆಯ ದಿನ ಹೊಸತೊಡಕು. ಆ ದಿನ ಏನು ಮಾಡುತ್ತೇವೋ ಅದು ವರ್ಷವಿಡೀ ನಡೆಯುತ್ತದೆ ಎಂಬ ನಂಬಿಕೆ ಎಲ್ಲ ಮನೆಯಲ್ಲೂ ಇದೆ. ಅದಕ್ಕೇ ಅಂದು ಸಾಲ ಮಾಡುವುದಿಲ್ಲ, ಜಗಳ ಆಡುವುದಿಲ್ಲ, ಹೊಟ್ಟೆತುಂಬ ಉಣ್ಣುತ್ತೇವೆ. ಹಿಂದಿನ ಸಂಜೆ ಚಂದ್ರನನ್ನು ನೋಡಿ ಹಿರಿಯರ ಕಾಲಿಗೆ ಬಿದ್ದಿರುತ್ತೇವೆ. ಈಗಿನವರು ಜನವರಿ 1ಕ್ಕೆ ಮಾಡುವ ತೀರ್ಮಾನಗಳಿವೆಯಲ್ಲ, ತೂಕ ಇಳಿಸುವುದು, ವಾಕಿಂಗ್ ಹೋಗುವುದು, ಸಿಗರೇಟು ಬಿಡುವುದು, ಅವುಗಳ ಬಗ್ಗೆ ನನಗೆ ತಕರಾರಿಲ್ಲ, ಆರೋಗ್ಯವೂ ಬೇಕು. ಆದರೆ ಅವಕ್ಕೆ ಸಾಕ್ಷಿ ಯಾರೂ ಇಲ್ಲ, ಅವುಗಳ ಫಲ ಮಾಡಿದವನಿಗೆ ಮಾತ್ರ. ಫೆಬ್ರುವರಿಗೆ ಬಿಟ್ಟರೂ ಕೇಳುವವರಿಲ್ಲ. ಹೊಸತೊಡಕಿನ ತೀರ್ಮಾನಕ್ಕೆ ಇಡೀ ವಂಶ ಸಾಕ್ಷಿ. ಹರಕೆಯೂ ಹಾಗೆಯೇ: ದೇವರ ಮುಂದೆ, ನಾಲ್ಕು ಜನರ ಮುಂದೆ, ಏನನ್ನೋ ಬಿಟ್ಟುಕೊಡುತ್ತೇನೆಂದು ಹೇಳಿದ ಮಾತು. ಮುಡಿ ಕೊಡುತ್ತೇವೆ, ಕುರಿ ಕೊಡುತ್ತೇವೆ, ಬೆಳ್ಳಿ ಕಣ್ಣು ಮಾಡಿಸುತ್ತೇವೆ. ಗುಡಿಸಿಲನ್ನು ಕೊಡುತ್ತೇವೆ ಎಂದು ಹರಕೆ ಹೊತ್ತರೆ ಯಾವ ದೇವರು ಬೇಡವೆನ್ನುತ್ತದೆ?

ನನ್ನ ಸಿಟ್ಟು ಹೆಚ್ಚಾಗಿ ಇರುವುದು ಹಳ್ಳಿಯಲ್ಲಿ ಉಳಿದ ಮುದುಕರ ಮೇಲಲ್ಲ. ಹಬ್ಬಕ್ಕೆ ಬಂದು ಹೋಗುವ ನಮ್ಮಂಥವರ ಮೇಲೆ. ಮನೆಗೆ ಟಿವಿ ತಂದುಕೊಟ್ಟವರು ನಾವು, ಆರ್‌ಸಿಸಿ ಹಾಕಿಸಿದವರು ನಾವು, ತಂಗಿಯ ಮದುವೆಯ ಖರ್ಚು ಹೊತ್ತವರು ನಾವು. ಯಾವ ಜಮೀನು ಮಾರಬೇಕು, ಯಾವ ಹುಡುಗನನ್ನು ಎಲ್ಲಿ ಓದಿಸಬೇಕು ಎಂಬಲ್ಲೆಲ್ಲ ನಮ್ಮ ಮಾತು ನಡೆಯುತ್ತದೆ. ಇದೊಂದು ವಿಚಾರ ಬಂದಾಗ ಮಾತ್ರ "ಹಿರೀಕರ ನಂಬಿಕೆ, ನಾವೇನ್ ಹೇಳಕ್ಕಾಗುತ್ತೆ" ಎನ್ನುತ್ತೇವೆ. ಬೆಂಗಳೂರಿನ ಎರಡು ರೂಮಿನ ಬಾಡಿಗೆ ಮನೆಯಲ್ಲಿ ನಮ್ಮ ಹೆಂಡತಿ ತಿಂಗಳ ಮೂವತ್ತೂ ದಿನ ಒಳಗೇ ಇರುತ್ತಾಳೆ, ಅಡುಗೆ ಮಾಡುತ್ತಾಳೆ, ದೇವರ ಫೋಟೊ ಅದೇ ಗೋಡೆಯಲ್ಲಿದೆ. ಹಾವು ಬಂದಿಲ್ಲ, ಕೇಡಾಗಿಲ್ಲ. ಅವಳೇ ಹಬ್ಬಕ್ಕೆ ಊರಿಗೆ ಬಂದು ಹೊರಗಾದರೆ ಹೊರಗೇ ಕೂರುತ್ತಾಳೆ, ನಾವು ನೋಡಿಕೊಂಡು ಉಣ್ಣುತ್ತೇವೆ. ನಮ್ಮ ಸಂಸಾರದಲ್ಲಿ ಪರೀಕ್ಷೆಯಾಗಿ ಸುಳ್ಳೆಂದು ಗೊತ್ತಾದದ್ದನ್ನು ತಾಯಿಗೆ ಹೇಳದೆ ಮುಚ್ಚಿಡುವುದನ್ನು ನಾವು ಗೌರವ ಎಂದು ಕರೆದುಕೊಳ್ಳುತ್ತಿದ್ದೇವೆ. ತಾಯಿಯ ಭಯವನ್ನು ಬಿಡಿಸಬಲ್ಲ ಒಂದೇ ಸಾಕ್ಷಿ ನಮ್ಮ ಕೈಯಲ್ಲಿದೆ. "ಅವ್ವ, ಇಷ್ಟು ವರ್ಷವಾಯ್ತು, ನಿನ್ನ ಸೊಸೆ ಅಲ್ಲಿ ಒಳಗೇ ಇದಾಳೆ, ಮಕ್ಕಳು ಚೆನ್ನಾಗಿದಾರೆ, ನೋಡು" ಎಂದು ಮಗನೊಬ್ಬ ಹೇಳಿದರೆ ಆ ಮಾತಿನ ಮುಂದೆ ಯಾವ ಇಲಾಖೆಯ ಬ್ಯಾನರೂ ನಿಲ್ಲದು.

ಹಬ್ಬ ಕೆಡುತ್ತದೆ ಎನ್ನುವವರಿಗೆ ನನ್ನ ಪ್ರಶ್ನೆ: ಯಾರ ಹಬ್ಬ? ಹೊರಗೆ ಕೂತವಳಿಗೆ ಅದು ಹಬ್ಬವೇ ಆಗಿರಲಿಲ್ಲ. ಒಂದು ವರ್ಷ ಮಾತಿಗೆ ಮಾತು ಬೆಳೆಯಬಹುದು, ದೊಡ್ಡಪ್ಪ ಎಲೆ ಬಿಟ್ಟು ಏಳಬಹುದು. ಏಳಲಿ. ಜಮೀನು ಪಾಲಾಗುವಾಗ ಇದಕ್ಕಿಂತ ದೊಡ್ಡ ಜಗಳಗಳು ಆಗಿ, ಮತ್ತೆ ಅದೇ ಮಾರಮ್ಮನ ಆರತಿಗೆ ಅಣ್ಣತಮ್ಮಂದಿರು ಸೇರಿದ್ದಾರೆ. ಒಂದು ಗೇಣು ಬದುವಿಗಾಗಿ ಕೋರ್ಟಿನವರೆಗೆ ಹೋಗಲು ಸಿದ್ಧವಿರುವ ನಾವು ಒಂದು ಕೂಸಿಗಾಗಿ ಒಂದು ಊಟ ಕೆಡಿಸಿಕೊಳ್ಳಲು ಸಿದ್ಧವಿರಬೇಕು.

ಮಾಡಬೇಕಾದದ್ದು ಕಷ್ಟದ್ದೇನಲ್ಲ, ಆದರೆ ಕ್ರಮವಾಗಿ ಮಾಡಬೇಕು. ಹಬ್ಬಕ್ಕೆ ಮುಂಚೆಯೇ ಪೂಜಾರಪ್ಪನ ಹತ್ತಿರ, ಹಟ್ಟಿಯ ಯಜಮಾನರ ಹತ್ತಿರ ಹೋಗಿ ಕೂತು ಮಾತಾಡಬೇಕು. ಅವರನ್ನು ಬಿಟ್ಟು ಮಾಡಿದರೆ ಅದು ನಿಲ್ಲುವುದಿಲ್ಲ. ಸೂತಕ ಬಿಟ್ಟ ಹಟ್ಟಿಗಳಿವೆ, ಅಲ್ಲಿಂದ ಮದುವೆಯಾಗಿ ಬಂದ ಹೆಣ್ಣುಮಕ್ಕಳು ನಮ್ಮ ನೆಂಟರಲ್ಲೇ ಇದ್ದಾರೆ. ಅವರ ಅತ್ತೆಯರನ್ನು ಕರೆಸಿ ನಮ್ಮ ಅತ್ತೆಯರ ಪಕ್ಕ ಕೂರಿಸಬೇಕು. ಆಶಾ ಕಾರ್ಯಕರ್ತೆಯನ್ನೂ ನರ್ಸನ್ನೂ ಊಟಕ್ಕೆ ಕರೆಯಬೇಕು, ಭಾಷಣಕ್ಕಲ್ಲ. ಮೊದಲು ಬಾಣಂತಿ ಮತ್ತು ಕೂಸಿನ ವಿಚಾರ ತೀರ್ಮಾನವಾಗಲಿ, ಅದಕ್ಕೆ ಒಂದು ದಿನವೂ ಕಾಯುವಂತಿಲ್ಲ. ಮುಟ್ಟಿನ ವಿಚಾರ ಅದರ ಬೆನ್ನಿಗೇ ಬರಲಿ. ತೀರ್ಮಾನವನ್ನು ದೇವರ ಮುಂದೆ, ಕಾಯಿ ಒಡೆದು, ಮನೆಯ ಹಿರಿಯ ಗಂಡಸಿನ ಬಾಯಲ್ಲೇ ಹೇಳಿಸಬೇಕು, ಸೊಸೆಯರಿಗೆ ಕೇಳಿಸುವಂತೆ. ಆಮೇಲೆ ಆ ಗುಡಿಸಿಲನ್ನು ಹಾಗೆಯೇ ಬಿಡಬಾರದು. ಗುಡಿಸಿಲು ಇದ್ದಷ್ಟು ದಿನ ಯಾರೋ ಒಬ್ಬರಿಗೆ ಭಯ ಮರುಕಳಿಸುತ್ತದೆ, ಯಾರೋ ಒಬ್ಬಳು ಮತ್ತೆ ಅಲ್ಲಿಗೆ ಹೋಗುತ್ತಾಳೆ. ಗಳು, ತಡಿಕೆ ಬಿಚ್ಚಿ ದನದ ಕೊಟ್ಟಿಗೆಗೆ ಹಾಕಿ. ಸಿಮೆಂಟಿನ ಕುಟೀರವಿದ್ದರೆ ಅಂಗನವಾಡಿಗೋ ಹಾಲಿನ ಡೈರಿಗೋ ಕೊಡುವಂತೆ ಗ್ರಾಮಸಭೆಯಲ್ಲಿ ಅರ್ಜಿ ಹಾಕಿ, ಪಂಚಾಯ್ತಿಯಿಂದ ನಿರ್ಣಯ ಬರೆಸಿ, ಅದರ ನಕಲನ್ನು ಕೈಯಲ್ಲಿ ಹಿಡಿದುಕೊಂಡೇ ಬೆಂಗಳೂರಿನ ಬಸ್ಸು ಹತ್ತಿ.